ತಂತ್ರಾಂಶದ ಭಾಷೆ ಬದಲಾಗಲಿ, ಲೆಕ್ಕ ಬದಲಾಗದಿರಲಿ

ವ್ಯಾಪಾರಿಯ ಆಸ್ತಿಪಟ್ಟಿಯಲ್ಲಿ ಗೋದಾಮು, ತೂಕದ ಕಾಟಾ, ಲಾರಿ, ಯಂತ್ರೋಪಕರಣಗಳಿಗೆ ಸ್ಥಾನವಿರುತ್ತದೆ. ಇಪ್ಪತ್ತು ವರ್ಷಗಳಿಂದ ಪ್ರತಿದಿನ ಪಟ್ಟಿ ಬರೆದು, ದಲಾಲಿ ಹಚ್ಚಿ, ಹಮಾಲಿ ಲೆಕ್ಕ ಹಾಕಿ, ವರ್ಷಾಂತ್ಯಕ್ಕೆ ತೇರೀಜು ಪತ್ರಿಕೆ ತೆಗೆದುಕೊಡುವ ತಂತ್ರಾಂಶಕ್ಕೆ ಅಲ್ಲಿ ಸ್ಥಾನ ದೊರೆಯುವುದು ಅಪರೂಪ. ಅದು ಸರಿಯಾಗಿ ನಡೆಯುತ್ತಿರುವವರೆಗೆ ಯಾರಿಗೂ ಅದರ ನೆನಪಾಗುವುದಿಲ್ಲ. ನಿಂತ ದಿನವೇ ಅದರ ಬೆಲೆ ತಿಳಿಯುತ್ತದೆ.

ಆ ದಿನ ಅನೇಕ ಅಂಗಡಿಗಳಿಗೆ ಈಗ ಸಮೀಪಿಸಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ನಂತರದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ದೊರೆಯುತ್ತದೆ. ಡಾಸ್ ಕಾಲದ ಪ್ರೋಗ್ರಾಮುಗಳು 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಗಣಕಯಂತ್ರ ಕೆಟ್ಟು ಹೊಸದನ್ನು ತಂದ ಕೂಡಲೇ ಹಳೆಯ ಪ್ರೋಗ್ರಾಮಿಗೆ ನಿಲ್ಲಲು ನೆಲವಿಲ್ಲದಂತಾಗುತ್ತದೆ. ಡಾಸ್ ಅನ್ನು ಅನುಕರಿಸುವ ತಂತ್ರಾಂಶಗಳ ನೆರವಿನಿಂದ ಸ್ವಲ್ಪ ಕಾಲ ತಳ್ಳಬಹುದಾದರೂ ಅದು ತಾತ್ಕಾಲಿಕ ಊರುಗೋಲು ಮಾತ್ರ.

ಇಂಥ ಸಂದರ್ಭದಲ್ಲಿ ವ್ಯಾಪಾರಿಗಳಿಗೆ ಕೇಳಿಬರುವ ಸಲಹೆಯೊಂದುಂಟು: "ಹಳೆಯ ಪ್ರೋಗ್ರಾಮನ್ನು ಹೊಸ ಭಾಷೆಗೆ ಯಂತ್ರವೇ ಬದಲಿಸಿಕೊಡುತ್ತದೆ, ಒಂದು ದಿನದ ಕೆಲಸ." ಈ ಮಾತಿನ ಪೂರ್ವಾರ್ಧ ಬಹುಮಟ್ಟಿಗೆ ನಿಜ. ಉತ್ತರಾರ್ಧವನ್ನು ನಂಬಿ ನಡೆದರೆ ಹಾನಿ ತಪ್ಪಿದ್ದಲ್ಲ. ಪರಿವರ್ತನೆ ಒಂದು ದಿನದ ಕೆಲಸವಾಗಬಹುದು. ಪರಿಶೀಲನೆ ಒಂದು ದಿನದ ಕೆಲಸವಲ್ಲ, ಅದು ಕೇವಲ ಪ್ರೋಗ್ರಾಮರನ ಕೆಲಸವೂ ಅಲ್ಲ. ಅದು ಲೆಕ್ಕದ ಒಡೆಯನ ಕೆಲಸ.

ಯಂತ್ರ ಮಾಡುವ ಪರಿವರ್ತನೆ

ಪ್ರೋಗ್ರಾಮಿಂಗ್ ಭಾಷೆಗಳೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಹೊಸ ಆವೃತ್ತಿಯಲ್ಲಿ ಕೆಲವು ಪದಗಳು ಕಳಚಿಹೋಗುತ್ತವೆ, ಕೆಲವಕ್ಕೆ ಬೇರೆ ಅರ್ಥ ಬರುತ್ತದೆ. ಹಳೆಯ ಆವೃತ್ತಿಯಲ್ಲಿ ಬರೆದ ಆದೇಶಗಳ ಸಾಲುಗಳನ್ನು, ಅಂದರೆ ಸೋರ್ಸ್ ಕೋಡನ್ನು, ಓದಿ ಹೊಸ ಆವೃತ್ತಿಗೆ ತಕ್ಕಂತೆ ತಿದ್ದಿ ಬರೆಯುವ ಸಾಧನಗಳು ಇದೇ ಕಾರಣಕ್ಕೆ ಹುಟ್ಟಿಕೊಂಡವು.

ವ್ಯಾಪಾರಿ ಜಗತ್ತಿಗೆ ಹತ್ತಿರದ ಉದಾಹರಣೆಗಳು ಮೂರು. ಮೊದಲನೆಯದು ಫಾಕ್ಸ್‌ಪ್ರೋ. ಡಾಸ್ ಕಾಲದ ಫಾಕ್ಸ್‌ಪ್ರೋ ಪ್ರೋಗ್ರಾಮಿನ ಪರದೆ, ವರದಿಗಳನ್ನು ವಿಷುಯಲ್ ಫಾಕ್ಸ್‌ಪ್ರೋಗೆ ಬದಲಿಸುವ ಸೌಲಭ್ಯ ಆ ಭಾಷೆಯಲ್ಲಿಯೇ ಇತ್ತು. ಆದರೆ ವಿಷುಯಲ್ ಫಾಕ್ಸ್‌ಪ್ರೋದ 9ನೆಯ ಆವೃತ್ತಿಯೇ ಕೊನೆಯದೆಂದು 2007ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಅದರ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. ಇಂದು ಆ ದಾರಿ ಹಿಡಿಯುವುದೆಂದರೆ ಸೋರುವ ಮನೆಯಿಂದ ಇನ್ನೊಂದು ಸೋರುವ ಮನೆಗೆ ಸಾಮಾನು ಸಾಗಿಸಿದಂತೆ.

ಎರಡನೆಯದು ವಿಷುಯಲ್ ಬೇಸಿಕ್. 1998ರಲ್ಲಿ ಬಂದ ಅದರ 6ನೆಯ ಆವೃತ್ತಿಯಲ್ಲಿ ದೇಶದ ಅಸಂಖ್ಯ ಬಿಲ್ಲಿಂಗ್, ದಾಸ್ತಾನು, ವೇತನದ ಪ್ರೋಗ್ರಾಮುಗಳು ರಚನೆಯಾದವು. 2002ರಲ್ಲಿ ಡಾಟ್‌ನೆಟ್ ಬಂದಾಗ ಭಾಷೆಯ ಬುಡವೇ ಬದಲಾಯಿತು. ಹಳೆಯದನ್ನು ಹೊಸದಕ್ಕೆ ಬದಲಿಸುವ 'ಅಪ್‌ಗ್ರೇಡ್ ವಿಜಾರ್ಡ್' ಎಂಬ ಸಾಧನವನ್ನು ಮೈಕ್ರೋಸಾಫ್ಟ್ ಅದರೊಂದಿಗೇ ಕೊಟ್ಟಿತು. 2010ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು.

ಮೂರನೆಯದು ಪೈಥಾನ್. ಇದರ 3ನೆಯ ಆವೃತ್ತಿ 2008ರ ಡಿಸೆಂಬರ್ 3ರಂದು ಬಿಡುಗಡೆಯಾಯಿತು. ಹಿಂದಿನ 2ನೆಯ ಆವೃತ್ತಿಯ ಪ್ರೋಗ್ರಾಮುಗಳು ಇದರಲ್ಲಿ ಹಾಗೆಯೇ ನಡೆಯುವಂತಿರಲಿಲ್ಲ. 'ಟೂ-ಟು-ಥ್ರೀ' ಎಂಬ ಪರಿವರ್ತಕವನ್ನು ಭಾಷೆಯ ನಿರ್ಮಾಪಕರೇ ಒದಗಿಸಿದರು. ಆದರೂ ಜಗತ್ತು ಹಳೆಯದನ್ನು ಬಿಡಲು ವರ್ಷಗಟ್ಟಲೆ ಹಿಂಜರಿಯಿತು. 2015ಕ್ಕೆ ನಿಗದಿಯಾಗಿದ್ದ ಹಳೆಯ ಆವೃತ್ತಿಯ ಅಂತ್ಯವನ್ನು 2020ರ ಜನವರಿ 1ಕ್ಕೆ ಮುಂದೂಡಬೇಕಾಯಿತು. ಸಣ್ಣ ಉದ್ದಿಮೆಗಳು ಬಳಸುವ, ಮುಂಬಯಿಯಲ್ಲಿ ರೂಪುಗೊಂಡ ಇಆರ್‌ಪಿನೆಕ್ಸ್ಟ್ ತಂತ್ರಾಂಶ ಬರೆದಿರುವುದು ಪೈಥಾನ್ ಭಾಷೆಯಲ್ಲಿಯೇ. ಆದ್ದರಿಂದ ಈ ಕಥೆ ದೂರದ್ದೆಂದು ತಳ್ಳಿಹಾಕುವಂತಿಲ್ಲ.

ಪರಿವರ್ತಕಗಳ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ಸಾವಿರಾರು ಸಾಲುಗಳಲ್ಲಿ ಒಂದೇ ಬಗೆಯ ಬದಲಾವಣೆಯನ್ನು ಕೈಯಿಂದ ಮಾಡಹೊರಟ ಮನುಷ್ಯ ಬೇಸತ್ತು ತಪ್ಪುತ್ತಾನೆ. ಯಂತ್ರಕ್ಕೆ ಬೇಸರವಿಲ್ಲ. ಪ್ರಶ್ನೆಯಿರುವುದು ಯಂತ್ರ ಬದಲಿಸಿದ ಸಾಲುಗಳಲ್ಲಿ ಅಲ್ಲ, ಬದಲಿಸದೆ ಬಿಟ್ಟ ಸಾಲುಗಳಲ್ಲಿ.

ಆಣೆಯಿಂದ ಪೈಸೆಗೆ: 1957ರ ಪಾಠ

ಪೇಟೆಯ ಹಿರಿಯರಿಗೆ ಈ ಸಮಸ್ಯೆಯ ತಿರುಳು ಹೊಸದಲ್ಲ. 1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು. ಒಂದು ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ನಯಾ ಪೈಸೆ. ಕಾಲು ಪೈಸೆ ಚಲಾವಣೆಯಲ್ಲಿ ಇಲ್ಲವಾದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಕೋಷ್ಟಕ ಬಳಕೆಗೆ ಬಂದಿತು.

ಕೋಷ್ಟಕದಲ್ಲಿ ದೋಷವಿರಲಿಲ್ಲ. ಆದರೆ ಒಂದೊಂದಾಣೆಯ ನಾಲ್ಕು ಬಾಬುಗಳನ್ನು ಬೇರೆಬೇರೆಯಾಗಿ ಪರಿವರ್ತಿಸಿ ಕೂಡಿಸಿದರೆ 24 ಪೈಸೆ ಬರುತ್ತದೆ. ಮೊದಲು ಕೂಡಿಸಿ ನಾಲ್ಕಾಣೆ ಮಾಡಿಕೊಂಡು ಪರಿವರ್ತಿಸಿದರೆ 25 ಬರುತ್ತದೆ. ಯಾವುದನ್ನು ಮೊದಲು ಮಾಡಬೇಕೆಂಬುದನ್ನು ಕೋಷ್ಟಕ ಹೇಳದು. ಅದನ್ನು ವ್ಯವಹಾರ ಬಲ್ಲ ಗುಮಾಸ್ತನೇ ನಿರ್ಧರಿಸಬೇಕಿತ್ತು. ತಂತ್ರಾಂಶದ ಸ್ವಯಂಚಾಲಿತ ಪರಿವರ್ತಕವೂ ಇಂಥದೊಂದು ದೊಡ್ಡ ಕೋಷ್ಟಕ.

ಸದ್ದಿಲ್ಲದೆ ಬರುವ ವ್ಯತ್ಯಾಸ

ಪರಿವರ್ತನೆಯ ನಂತರ ಕಾಣಿಸಿಕೊಳ್ಳುವ ದೋಷಗಳು ಎರಡು ಬಗೆಯವು. ಪ್ರೋಗ್ರಾಮು ನಡುವೆ ನಿಂತು ತಪ್ಪಿನ ಸಂದೇಶ ತೋರಿಸುವುದು ಮೊದಲನೆಯದು. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ. ನಿಂತ ಗಾಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರೋಗ್ರಾಮು ನಿಲ್ಲದೆ ನಡೆದು ಬೇರೆ ಉತ್ತರ ಕೊಡುವುದು ಎರಡನೆಯದು. ವ್ಯಾಪಾರಿ ಅಂಜಬೇಕಾದುದು ಇದಕ್ಕೆ.

ಹೆಸರಿನಲ್ಲಿಯೇ ಬೆಲ್ಲವನ್ನು ಹೊತ್ತ ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದಾನೆಂದು ಉದಾಹರಣೆಗಾಗಿ ಭಾವಿಸಬಹುದು. ಹತ್ತು ಕಿಲೋ ತೂಕದ ಪೂರ್ಣ ಪೆಂಟಿಗೆ ಮಾತ್ರ ಎರಡು ರೂಪಾಯಿ ಹಮಾಲಿ ಎಂಬುದು ಅವನ ಅಂಗಡಿಯ ವಾಡಿಕೆ. 347 ಕಿಲೋ ಬೆಲ್ಲ ಬಂದರೆ ಅವನ ಪ್ರೋಗ್ರಾಮು ಹತ್ತರಿಂದ ಭಾಗಿಸಿ 34 ಪೆಂಟಿ ಎಂದು ಎಣಿಸುತ್ತದೆ, 68 ರೂಪಾಯಿ ಹಮಾಲಿ ಹಚ್ಚುತ್ತದೆ. ಈ ಪ್ರೋಗ್ರಾಮು ಪೈಥಾನ್ 2ರಲ್ಲಿದೆ ಎಂದಾದರೆ, ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದಾಗ ಉಳಿಕೆಯನ್ನು ಕೈಬಿಡುವುದು ಆ ಭಾಷೆಯ ರೂಢಿ. ಪೈಥಾನ್ 3ರಲ್ಲಿ ಅದೇ ಭಾಗಾಕಾರದ ಉತ್ತರ 34.7. ಹಮಾಲಿ 69 ರೂಪಾಯಿ 40 ಪೈಸೆಯಾಗುತ್ತದೆ. ಎರಡರಲ್ಲಿಯೂ ಭಾಗಾಕಾರದ ಚಿಹ್ನೆ ಒಂದೇ. 'ಟೂ-ಟು-ಥ್ರೀ' ಪರಿವರ್ತಕ ಈ ಚಿಹ್ನೆಯನ್ನು ಮುಟ್ಟುವುದಿಲ್ಲ. ಆ ಸ್ಥಾನದಲ್ಲಿ ಪೂರ್ಣಸಂಖ್ಯೆ ಬರುವುದೋ ದಶಮಾಂಶ ಬರುವುದೋ ಸಾಲನ್ನು ಓದಿದ ಮಾತ್ರಕ್ಕೆ ಅದಕ್ಕೆ ತಿಳಿಯದು. ಅಂಗಡಿಯ ವಾಡಿಕೆಯಂತೂ ಅದಕ್ಕೆ ಗೊತ್ತೇ ಇಲ್ಲ.

ಎರಡನೆಯ ಉದಾಹರಣೆ ತೆರಿಗೆಗೆ ಸಂಬಂಧಿಸಿದ್ದು, ಆದ್ದರಿಂದ ಹೆಚ್ಚು ಗಂಭೀರ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೆಯ ಕಲಮಿನ ಪ್ರಕಾರ ತೆರಿಗೆ, ಬಡ್ಡಿ, ದಂಡ ಮೊದಲಾದ ಮೊತ್ತಗಳನ್ನು ಸಮೀಪದ ರೂಪಾಯಿಗೆ ಪೂರ್ಣಗೊಳಿಸಬೇಕು. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಫಾಕ್ಸ್‌ಪ್ರೋದ ಪೂರ್ಣಗೊಳಿಸುವ ಆದೇಶ ಇದೇ ಕ್ರಮದಲ್ಲಿದೆ. ಪೈಥಾನ್ 2ರಲ್ಲಿಯೂ ಹಾಗೆಯೇ ಇತ್ತು. ಆದರೆ ಪೈಥಾನ್ 3ರಲ್ಲಿ ಮತ್ತು ಡಾಟ್‌ನೆಟ್‌ನ ವಾಡಿಕೆಯ ಕ್ರಮದಲ್ಲಿ ನಿಖರವಾಗಿ ಐವತ್ತು ಪೈಸೆ ಬಂದಾಗ ಮೊತ್ತ ಸಮಸಂಖ್ಯೆಯತ್ತ ವಾಲುತ್ತದೆ. 1,042 ರೂಪಾಯಿ 50 ಪೈಸೆ ಕಾಯ್ದೆಯ ಪ್ರಕಾರ 1,043 ಆಗಬೇಕು. ಹೊಸ ಪ್ರೋಗ್ರಾಮು 1,042 ಎನ್ನುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 1,043 ರೂಪಾಯಿ 50 ಪೈಸೆಯನ್ನು ಕೊಟ್ಟು ಪರೀಕ್ಷಿಸಿದರೆ ಹಳೆಯದೂ ಹೊಸದೂ 1,044 ಎಂದೇ ಹೇಳುತ್ತವೆ. "ಐವತ್ತು ಪೈಸೆಯ ಬಿಲ್ಲನ್ನೂ ನೋಡಿಯಾಯಿತು, ಸರಿಯಿದೆ" ಎಂದು ಪರೀಕ್ಷಕ ನೆಮ್ಮದಿಯಿಂದ ಹೇಳಬಹುದು. ಒಂದೆರಡು ಬಿಲ್ಲು ತೆಗೆದು ನೋಡುವುದು ಪರೀಕ್ಷೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಮೂರನೆಯ ಉದಾಹರಣೆಯಲ್ಲಿ ಹೊಸದೇ ಸರಿ, ಹಳೆಯದೇ ತಪ್ಪು. ವಿಷುಯಲ್ ಬೇಸಿಕ್ 6ರಲ್ಲಿ ಹಣದ ಮೊತ್ತಕ್ಕೆಂದು ಇದ್ದ 'ಕರೆನ್ಸಿ' ಎಂಬ ನಮೂನೆ ದಶಮಾಂಶದ ನಾಲ್ಕು ಸ್ಥಾನಗಳನ್ನು ಮಾತ್ರ ಹಿಡಿದಿಡುತ್ತಿತ್ತು. ವಿಜಾರ್ಡ್ ಅದನ್ನು ಹೆಚ್ಚು ಸ್ಥಾನಗಳ 'ಡೆಸಿಮಲ್' ನಮೂನೆಗೆ ಬದಲಿಸುತ್ತದೆ. 10,000 ರೂಪಾಯಿ ಲಾರಿ ಬಾಡಿಗೆಯನ್ನು 3,000 ಪೆಂಟಿಗಳಿಗೆ ಹಂಚಿದರೆ ಹಳೆಯ ಪ್ರೋಗ್ರಾಮಿನಲ್ಲಿ ಪೆಂಟಿಗೆ 3.3333 ರೂಪಾಯಿ ಬೀಳುತ್ತದೆ. ಅದನ್ನು ಮತ್ತೆ 3,000ದಿಂದ ಗುಣಿಸಿದಾಗ 9,999 ರೂಪಾಯಿ 90 ಪೈಸೆ ಬರುತ್ತದೆ. ಹೊಸದರಲ್ಲಿ ಪೈಸೆಗೆ ಪೂರ್ಣಗೊಳಿಸಿದರೆ ಹತ್ತು ಸಾವಿರವೇ ಬರುತ್ತದೆ. ಹತ್ತು ಪೈಸೆ ದೊಡ್ಡದಲ್ಲ. ಆದರೆ ಹಿಂದಿನ ವರ್ಷದ ಅಖೈರು ಶಿಲ್ಕು ಹೊಸ ಪ್ರೋಗ್ರಾಮಿನ ಆರಂಭಿಕ ಶಿಲ್ಕಿಗೆ ಹೊಂದದಿದ್ದಾಗ ಆ ಹತ್ತು ಪೈಸೆಯನ್ನು ಹುಡುಕಲು ಗುಮಾಸ್ತನಿಗೆ ಎಷ್ಟು ದಿನ ಹಿಡಿಯುವುದೆಂಬುದು ಲೆಕ್ಕ ಬರೆದವರಿಗೆಲ್ಲ ಗೊತ್ತು.

ಇದರಿಂದ ಒಂದು ನಿಯಮ ಹೊರಡುತ್ತದೆ. ಭಾಷೆಯ ಪರಿವರ್ತನೆ ಬೇರೆ, ತಪ್ಪಿನ ತಿದ್ದುಪಡಿ ಬೇರೆ. ಲೆಕ್ಕದಲ್ಲಿ ಶಿಲ್ಕನ್ನು ಮುಂದಿನ ಪುಟಕ್ಕೆ ಒಯ್ಯುವಾಗ ಯಾರೂ ಅದರಲ್ಲಿಯೇ ತಿದ್ದುಪಡಿ ಸೇರಿಸುವುದಿಲ್ಲ. ಮೊದಲು ಇದ್ದದ್ದನ್ನು ಇದ್ದಂತೆ ಒಯ್ದು, ತಿದ್ದುಪಡಿಗೆ ಬೇರೆ ನಮೂದು ಹಾಕುತ್ತಾರೆ. ತಂತ್ರಾಂಶಕ್ಕೂ ಇದೇ ಶಿಸ್ತು ಬೇಕು. ಹೊಸ ಪ್ರೋಗ್ರಾಮು ಮೊದಲು ಹಳೆಯದರ ಉತ್ತರವನ್ನೇ, ಅದರ ತಪ್ಪುಗಳ ಸಹಿತ, ಕೊಡಬೇಕು. ಆಮೇಲೆ ಒಂದೊಂದೇ ತಪ್ಪನ್ನು ದಿನಾಂಕ ನಮೂದಿಸಿ ತಿದ್ದಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ವ್ಯತ್ಯಾಸ ಎಲ್ಲಿಂದ ಬಂದಿತೆಂದು ಹೇಳಲು ಯಾರಿಂದಲೂ ಆಗದು.

ಯಂತ್ರ ಸೇರಿಸಿಕೊಡಲಾರದ್ದು

ಪರಿವರ್ತಕ ಹಳೆಯ ಪ್ರೋಗ್ರಾಮಿನ ಗುಣದೋಷಗಳನ್ನು ನಿಷ್ಠೆಯಿಂದ ಹೊತ್ತು ತರುತ್ತದೆ. ಹಳೆಯದರಲ್ಲಿ ಇಲ್ಲದ್ದನ್ನು ತಾನಾಗಿ ಸೇರಿಸುವುದಿಲ್ಲ.

ಕಂಪನಿಗಳಿಗೆ ಸಂಬಂಧಿಸಿದಂತೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಲೆಕ್ಕದ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ಜಾಡನ್ನು, ಅಂದರೆ ಆಡಿಟ್ ಟ್ರೇಲ್ ಅನ್ನು, ದಾಖಲಿಸಬೇಕು. ನಮೂದನ್ನು ಬದಲಿಸಿದಾಗ ಆ ಬದಲಾವಣೆ ದಿನಾಂಕ ಸಹಿತ ಉಳಿಯಬೇಕು. ಈ ಸೌಲಭ್ಯವನ್ನು ಸ್ಥಗಿತಗೊಳಿಸಲು ಅವಕಾಶವಿರಬಾರದು. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಅಭಿಪ್ರಾಯ ಬರೆಯಲೇಬೇಕು. ಸ್ವಂತ ಮಾಲಿಕತ್ವದ ಹಾಗೂ ಪಾಲುದಾರಿಕೆಯ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಸಣ್ಣ ಉದ್ದಿಮೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ವಿನಾಯಿತಿಯಿಲ್ಲ. ಇಪ್ಪತ್ತು ವರ್ಷದ ಹಿಂದಿನ ಪ್ರೋಗ್ರಾಮಿನಲ್ಲಿ ಈ ಜಾಡು ಇಲ್ಲವೆಂದಾದರೆ, ಅದನ್ನು ಎಷ್ಟೇ ಹೊಸ ಭಾಷೆಗೆ ಬದಲಿಸಿದರೂ ಜಾಡು ಮೂಡುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆಸಲೇಬೇಕು.

ದಿನಾಂಕದ ವಿಷಯವೂ ಹಾಗೆಯೇ. 1999ರಲ್ಲಿ ಜಗತ್ತೆಲ್ಲ ವೈಟುಕೆ ಭಯದಲ್ಲಿದ್ದಾಗ ಇಸವಿಯನ್ನು ಎರಡೇ ಅಂಕಿಯಲ್ಲಿ ಉಳಿಸಿಕೊಂಡ ಅನೇಕ ಪ್ರೋಗ್ರಾಮುಗಳಿಗೆ ತೇಪೆ ಹಾಕಲಾಯಿತು. 00ರಿಂದ 29ರವರೆಗೆ ಬಂದರೆ ಎರಡು ಸಾವಿರದ ಶತಕ, 30ರಿಂದ 99 ಬಂದರೆ ಹಿಂದಿನ ಶತಕ ಎಂಬುದು ಅಂಥ ತೇಪೆಗಳಲ್ಲೊಂದು. ಈಗ ಕೊಡುವ ಐದು ವರ್ಷದ ಸಾಲದ ಕೊನೆಯ ಕಂತು 2030 ಅಥವಾ ಅದರಾಚೆಗೆ ಬೀಳುತ್ತದೆ. ಅಂಥ ತೇಪೆಯುಳ್ಳ ಪ್ರೋಗ್ರಾಮು ಅದನ್ನು 1930ರ ಸಾಲೆಂದು ಓದೀತು. ಪರಿವರ್ತಕಕ್ಕೆ ಇದು ದೋಷವೆಂದು ಹೊಳೆಯುವುದಿಲ್ಲ. ತೇಪೆಯನ್ನು ತೇಪೆಯಾಗಿಯೇ ಹೊಸ ಬಟ್ಟೆಗೆ ಹೊಲಿದುಕೊಡುತ್ತದೆ.

ಕನ್ನಡದ ಹೆಸರುಗಳದು ಇನ್ನೊಂದು ತೊಡಕು. ಹಳೆಯ ಪ್ರೋಗ್ರಾಮುಗಳಲ್ಲಿ ರೈತರ, ಊರುಗಳ ಹೆಸರುಗಳನ್ನು ಅಂದಿನ ಫಾಂಟುಗಳ ಸಂಕೇತದಲ್ಲಿ ಉಳಿಸಿದ್ದರೆ ಯೂನಿಕೋಡ್ ಆಧರಿತ ಹೊಸ ಪ್ರೋಗ್ರಾಮಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪ್ರೋಗ್ರಾಮಿನ ಪರಿವರ್ತನೆಯೊಂದಿಗೆ ಈ ದತ್ತಾಂಶದ ಪರಿವರ್ತನೆಯೂ ಆಗಬೇಕು. ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಬೇಕು. ಒಬ್ಬ ರೈತನ ಹೆಸರು ಎರಡು ರೂಪದಲ್ಲಿ ಬಂದರೆ ಖಾತೆಯೂ ಎರಡಾಗುತ್ತದೆ.

ಸೋರ್ಸ್ ಕೋಡ್ ಯಾರದು?

ಇಷ್ಟೆಲ್ಲ ಚರ್ಚೆಗೆ ಮೂಲಾಧಾರವಾದ ಪ್ರಶ್ನೆ ಇನ್ನೊಂದಿದೆ. ಪರಿವರ್ತಕ ಕೆಲಸ ಮಾಡಬೇಕಾದರೆ ಅದರ ಕೈಗೆ ಸೋರ್ಸ್ ಕೋಡ್ ಸಿಗಬೇಕು. ಅಂಗಡಿಯ ಗಣಕಯಂತ್ರದಲ್ಲಿರುವುದು ಸಾಮಾನ್ಯವಾಗಿ ಬಳಕೆಗೆ ಸಿದ್ಧವಾದ ಪ್ರೋಗ್ರಾಮು ಮಾತ್ರ. ಸೋರ್ಸ್ ಕೋಡ್ ಅದನ್ನು ಬರೆದ ತರುಣನ ಬಳಿ ಇರುತ್ತದೆ. ಆ ತರುಣ ಇಂದು ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುತ್ತಾನೆ.

"ಹಣ ಕೊಟ್ಟು ಬರೆಸಿದ್ದು, ಆದ್ದರಿಂದ ಪ್ರೋಗ್ರಾಮು ಅಂಗಡಿಯದೇ" ಎಂಬ ನಂಬಿಕೆ ವ್ಯಾಪಕವಾಗಿದೆ. ಕಾಯ್ದೆ ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಣಕಯಂತ್ರದ ಪ್ರೋಗ್ರಾಮು ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಸಂಬಳದ ನೌಕರ ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲಿಕನಿಗೆ ಸಲ್ಲುತ್ತದೆ. ಹೊರಗಿನ ಸ್ವತಂತ್ರ ಪ್ರೋಗ್ರಾಮರ್ ಬರೆದುಕೊಟ್ಟದ್ದರ ಸ್ವಾಮ್ಯ ಲಿಖಿತ ಒಪ್ಪಂದದಿಂದ ವರ್ಗವಾಗದ ಹೊರತು ಅವನಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದೇ ವರ್ಷವೆಂದು ಭಾವಿಸಲಾಗುತ್ತದೆ. ಕೊಂಡವನು ತನ್ನ ಬಳಕೆಗಾಗಿ ಪ್ರತಿ ತೆಗೆಯಲು, ಹೊಂದಿಸಿಕೊಳ್ಳಲು ಕಾಯ್ದೆ ಕೆಲಮಟ್ಟಿಗೆ ಅವಕಾಶ ಕೊಡುತ್ತದೆ ನಿಜ. ಆದರೆ ಸೋರ್ಸ್ ಕೋಡ್ ಕೈಯಲ್ಲಿ ಇಲ್ಲದವನಿಗೆ ಆ ಅವಕಾಶದಿಂದ ಪ್ರಯೋಜನವೇನು? ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದ್ದರಿಂದ ಪ್ರೋಗ್ರಾಮು ಬರೆಸುವಾಗಲೇ ಮೂರು ಮಾತು ಕಾಗದದಲ್ಲಿ ಬರಬೇಕು. ಕೊನೆಯ ಕಂತಿಗೆ ಮೊದಲು ಸೋರ್ಸ್ ಕೋಡ್ ಕೈಗೆ ಸೇರಬೇಕು. ಸ್ವಾಮ್ಯ ಅಥವಾ ಬದಲಿಸಿಕೊಳ್ಳುವ ಶಾಶ್ವತ ಹಕ್ಕು ಅಂಗಡಿಗೆ ಸಲ್ಲಬೇಕು. ಮುಂದಿನ ಪ್ರತಿ ತಿದ್ದುಪಡಿಯ ನಂತರ ಹೊಸ ಪ್ರತಿ ದೊರೆಯಬೇಕು.

ಎರಡು ಆಕ್ಷೇಪಣೆಗಳು

ಈ ವಾದಕ್ಕೆ ಎರಡು ಕಡೆಯಿಂದ ಆಕ್ಷೇಪಣೆ ಬರುವುದು ಸಹಜ. ಇಷ್ಟು ತೊಂದರೆ ಪಡುವುದಕ್ಕಿಂತ ಸಿದ್ಧ ತಂತ್ರಾಂಶ ಕೊಳ್ಳುವುದೇ ಲೇಸು ಎಂಬುದು ಒಂದು. ಸಾಮಾನ್ಯ ಖರೀದಿ, ಮಾರಾಟದ ಲೆಕ್ಕವಷ್ಟೇ ಇರುವ ಅಂಗಡಿಗೆ ಈ ಮಾತು ಸಂಪೂರ್ಣ ಸರಿ. ಬೆಂಗಳೂರಿನ ಟ್ಯಾಲಿ ಸಂಸ್ಥೆಯಂಥವರು ಕಾಯ್ದೆ ಬದಲಾದಾಗ ತಂತ್ರಾಂಶವನ್ನೂ ಬದಲಿಸಿಕೊಡುತ್ತಾರೆ. ಆದರೆ ಪೇಟೆಯ ವಾಡಿಕೆಗೆ ತಕ್ಕ ಪಟ್ಟಿ ಬೇಕೆಂದು ಟ್ಯಾಲಿಯ ಸ್ವಂತ ಭಾಷೆಯಲ್ಲಿ ಹೆಚ್ಚುವರಿ ಪ್ರೋಗ್ರಾಮು ಬರೆಸಿಕೊಂಡವರಿಗೆ, ಆವೃತ್ತಿ ಬದಲಾದಾಗ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ವಾಡಿಕೆ ಎಲ್ಲಿದೆಯೋ ಅಲ್ಲಿ ಪರಿಶೀಲನೆಯ ಹೊಣೆಯೂ ಇದೆ.

ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಹಳೆಯ ಪರಿವರ್ತಕಗಳಂತಲ್ಲ, ಅರ್ಥವನ್ನೂ ಗ್ರಹಿಸಿ ಬದಲಿಸುತ್ತವೆ ಎಂಬುದು ಇನ್ನೊಂದು. ಅವುಗಳ ಸಾಮರ್ಥ್ಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಒಂದು ಭಾಷೆಯಿಂದ ಸಂಪೂರ್ಣ ಬೇರೆ ಭಾಷೆಗೂ ಅವು ಬರೆದುಕೊಡಬಲ್ಲವು. ಆದರೆ ಹಳೆಯ ಪರಿವರ್ತಕ ತಪ್ಪಿದರೆ ಎಲ್ಲ ಕಡೆ ಒಂದೇ ರೀತಿ ತಪ್ಪುತ್ತಿತ್ತು, ಒಮ್ಮೆ ಹಿಡಿದರೆ ಎಲ್ಲವೂ ಸಿಗುತ್ತಿತ್ತು. ಹೊಸ ಸಾಧನ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ಬೇರೆಯಾಗಿ ಬರೆಯಬಹುದು. ಪೂರ್ಣ ಪೆಂಟಿಗೆ ಮಾತ್ರ ಹಮಾಲಿ ಎಂಬುದು ಎಲ್ಲಿಯೂ ಬರೆದಿಡದ ವಾಡಿಕೆಯಾದರೆ ಅದಕ್ಕೂ ತಿಳಿಯುವ ದಾರಿಯಿಲ್ಲ. ಸಾಧನ ಎಷ್ಟು ಬುದ್ಧಿವಂತವೋ ಪರೀಕ್ಷೆ ಅಷ್ಟು ಕಟ್ಟುನಿಟ್ಟಾಗಿರಬೇಕು. ಅದಕ್ಕೆ ಕೊಡುವ ಕಡತಗಳಲ್ಲಿ ಗಿರಾಕಿಗಳ ಹೆಸರು, ಬ್ಯಾಂಕ್ ವಿವರಗಳು ಸೇರದಂತೆಯೂ ಎಚ್ಚರ ವಹಿಸಬೇಕು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಗಣಕ ವಿಜ್ಞಾನದ ಪದವಿ ಬೇಕಾಗಿಲ್ಲ. ಲೆಕ್ಕದ ಜ್ಞಾನ ಮತ್ತು ತಾಳ್ಮೆ ಸಾಕು.

1. ಪರಿವರ್ತನೆಗೆ ಮೊದಲು ಹಳೆಯ ಪ್ರೋಗ್ರಾಮು, ಸೋರ್ಸ್ ಕೋಡ್ ಹಾಗೂ ದತ್ತಾಂಶದ ಪ್ರತಿಗಳನ್ನು ತೆಗೆದು ಕನಿಷ್ಠ ಎರಡು ಬೇರೆ ಸ್ಥಳಗಳಲ್ಲಿ ಇರಿಸಬೇಕು.

2. ಪರಿವರ್ತಕದ ವರದಿಯನ್ನು ಕೇಳಿ ಪಡೆಯಬೇಕು. ವಿಷುಯಲ್ ಬೇಸಿಕ್‌ನ ವಿಜಾರ್ಡ್ ತನ್ನಿಂದಾಗದ ಹಾಗೂ ಸಂದೇಹವಿರುವ ಸ್ಥಳಗಳಲ್ಲಿ ಎಚ್ಚರಿಕೆಯ ಟಿಪ್ಪಣಿ ಬರೆದು, ಎಲ್ಲವನ್ನೂ ಒಂದು ವರದಿಯಲ್ಲಿ ಪಟ್ಟಿ ಮಾಡುತ್ತಿತ್ತು. ಸಾಧನ ಯಾವುದೇ ಇರಲಿ, ಅಂಥ ಟಿಪ್ಪಣಿಗಳು ಒಂದೊಂದಾಗಿ ಇತ್ಯರ್ಥವಾಗದೆ ಕೆಲಸ ಮುಗಿಯಿತೆಂದು ಒಪ್ಪಬಾರದು.

3. ಕಳೆದ ವರ್ಷದ ಮೂರು ತಿಂಗಳುಗಳನ್ನು ಆರಿಸಿಕೊಳ್ಳಬೇಕು: ಬೆಲ್ಲದ ಹಂಗಾಮಿನ ಗದ್ದಲದ ಒಂದು ತಿಂಗಳು, ವರ್ಷಾಂತ್ಯದ ಮಾರ್ಚ್, ಹೊಸ ಲೆಕ್ಕದ ಏಪ್ರಿಲ್. ಅದೇ ನಮೂದುಗಳನ್ನು ಎರಡೂ ಪ್ರೋಗ್ರಾಮುಗಳಲ್ಲಿ ನಡೆಸಿ ಪ್ರತಿಯೊಂದು ಬಿಲ್ಲನ್ನು ಪೈಸೆಯವರೆಗೆ ಹೋಲಿಸಬೇಕು. ಒಟ್ಟು ಮೊತ್ತ ಮಾತ್ರ ನೋಡಿದರೆ ಒಂದು ಹೆಚ್ಚಿನ ತಪ್ಪು ಒಂದು ಕಡಿಮೆಯ ತಪ್ಪನ್ನು ಮುಚ್ಚಿಹಾಕಬಹುದು.

4. ಅಪರೂಪದ ಪ್ರಸಂಗಗಳನ್ನು ಬೇಕೆಂದೇ ಹುಡುಕಿ ಸೇರಿಸಬೇಕು. ಸಮ ಹಾಗೂ ಬೆಸ ರೂಪಾಯಿಗಳೆರಡರ ಮೇಲೆಯೂ ಐವತ್ತು ಪೈಸೆಯ ಮೊತ್ತಗಳು, ರದ್ದಾದ ಬಿಲ್ಲು, ಮರಳಿ ಬಂದ ಮಾಲು, ಮುಂಗಡ ಹೆಚ್ಚಾಗಿ ಉಲ್ಟಾ ಬಾಕಿಯಾದ ಖಾತೆ, ಫೆಬ್ರುವರಿ 29, 2030ರ ನಂತರದ ಕಂತು ಇವೆಲ್ಲ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದ್ದರಿಂದ ಹಿಂದಿನ ದಿನದ ಬಿಲ್ಲು, ಆ ದಿನದ ಬಿಲ್ಲು, ಹಿಂದಿನ ದರದ ಮಾಲು ನಂತರ ಮರಳಿ ಬಂದದ್ದು, ಈ ಮೂರನ್ನೂ ನೋಡಬೇಕು.

5. ಕನಿಷ್ಠ ಒಂದು ಪೂರ್ಣ ತಿಂಗಳು, ತಿಂಗಳ ಕೊನೆಯ ಲೆಕ್ಕ ಸಹಿತ, ಹಳೆಯದೂ ಹೊಸದೂ ಜೊತೆಯಾಗಿ ನಡೆಯಬೇಕು. ಎರಡು ಸಲ ಬರೆಯುವ ಶ್ರಮಕ್ಕೆ ಗುಮಾಸ್ತರು ಗೊಣಗುವುದು ಸಹಜ. ಆ ತಿಂಗಳ ಹೆಚ್ಚುವರಿ ಸಂಬಳವನ್ನು ಪರಿವರ್ತನೆಯ ವೆಚ್ಚದಲ್ಲಿಯೇ ಮೊದಲು ಹಿಡಿಯಬೇಕು.

6. ಹೊಸದು ನೆಲೆಯೂರಿದ ನಂತರವೂ ಹಳೆಯದನ್ನು ಅಳಿಸಬಾರದು. ಜಿಎಸ್‌ಟಿ ಲೆಕ್ಕಗಳನ್ನು ಆ ವರ್ಷದ ವ��ರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳು, ಕಂಪನಿಯ ಲೆಕ್ಕಗಳನ್ನು 8 ವರ್ಷ ಕಾಯ್ದಿಡಬೇಕೆಂಬುದು ಕಾಯ್ದೆ. ಹಳೆಯ ಲೆಕ್ಕವನ್ನು ಓದಿ ತೋರಿಸಬಲ್ಲ ಒಂದು ಗಣಕಯಂತ್ರ, ಅಂತರಜಾಲದ ಸಂಪರ್ಕವಿಲ್ಲದೆ, ಅಷ್ಟು ಕಾಲ ಉಳಿಯಬೇಕು.

ವಾಣಿಜ್ಯ ಸಂಸ್ಥೆಗಳ ಕರ್ತವ್ಯ

ಇದೆಲ್ಲವನ್ನೂ ಪ್ರತಿಯೊಬ್ಬ ವ್ಯಾಪಾರಿ ಒಂಟಿಯಾಗಿ ಮಾಡಬೇಕೆಂದರೆ ಆಗದ ಮಾತು. ಸಹಕಾರ ಕ್ಷೇತ್ರದಲ್ಲಿ ಸರಕಾರವೇ ಈ ಹೊರೆಯನ್ನು ಸಾಮೂಹಿಕವಾಗಿ ಹೊರಲು ಮುಂದಾಯಿತು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಎಲ್ಲ ಸಂಘಗಳಿಗೂ ಒಂದೇ ಬಗೆಯ ತಂತ್ರಾಂಶ, ಒಂದೇ ಬಗೆಯ ಲೆಕ್ಕಪದ್ಧತಿ ಎಂಬುದು ಅದರ ಆಶಯ. ಖಾಸಗಿ ವ್ಯಾಪಾರಿಗೆ ಅಂಥ ಆಸರೆಯಿಲ್ಲ. ಅವನಿಗೆ ಇರುವ ಸಾಮೂಹಿಕ ಆಸರೆ ಅವನದೇ ವಾಣಿಜ್ಯ ಸಂಸ್ಥೆ.

ಸಂಸ್ಥೆ ಎರಡು ಕೆಲಸ ಮಾಡಬಹುದು. ಎರಡಕ್ಕೂ ದೊಡ್ಡ ಬಂಡವಾಳ ಬೇಡ. ಮೊದಲನೆಯದು ಒಂದು ಮಾದರಿ ಕೀರ್ದಿ. ಸಂಕೇಶ್ವರದ ಅಡತಿ, ಬೆಲ್ಲದ ಬಾಗೇವಾಡಿಯ ಬೆಲ್ಲದ ವ್ಯಾಪಾರಿ, ಗೋಕಾಕದ ಕರದಂಟು ತಯಾರಕ, ಮೂಡಲಗಿಯ ಗೊಬ್ಬರದ ಅಂಗಡಿ ಹೀಗೆ ಬೇರೆಬೇರೆ ವ್ಯವಹಾರಗಳಿಗೆ ಒಂದೊಂದು ನೂರು ಕಲ್ಪಿತ ನಮೂದುಗಳು, ಅವುಗಳ ಸರಿಯುತ್ತರಗಳು. ಮೇಲೆ ಹೇಳಿದ ತೊಡಕಿನ ಪ್ರಸಂಗಗಳೆಲ್ಲ ಅದರಲ್ಲಿ ಇರಬೇಕು. ಯಾವ ತಂತ್ರಾಂಶ ಹೊಸದಾಗಿ ಬಂದರೂ ಅಥವಾ ಬದಲಾದರೂ ಮೊದಲು ಈ ಕೀರ್ದಿಯಲ್ಲಿ ಉತ್ತೀರ್ಣವಾಗಲಿ. ಪೇಟೆಯ ಹಿರಿಯ ಗುಮಾಸ್ತರು, ಲೆಕ್ಕ ಪರಿಶೋಧಕರು ಕೂಡಿ ಕುಳಿತರೆ ಕೆಲವು ಬೈಠಕ್‌ಗಳಲ್ಲಿ ಮುಗಿಯುವ ಕೆಲಸವಿದು. ಬಾಯಿಮಾತಿನಲ್ಲಿಯೇ ಉಳಿದಿರುವ ಪೇಟೆಯ ವಾಡಿಕೆಗಳು ಇದರ ನೆಪದಲ್ಲಾದರೂ ಬರಹಕ್ಕೆ ಇಳಿಯುತ್ತವೆ.

ಎರಡನೆಯದು ಪ್ರೋಗ್ರಾಮು ಬರೆಸುವವರಿಗಾಗಿ ಕನ್ನಡದಲ್ಲಿ ಒಂದು ಮಾದರಿ ಕರಾರು ಪತ್ರ. ಸೋರ್ಸ್ ಕೋಡ್, ಸ್ವಾಮ್ಯ, ಪರಿವರ್ತಕದ ವರದಿ, ಜೊತೆಯೋಟದ ಅವಧಿ, ತಪ್ಪು ಕಂಡಾಗ ಯಾರು ತಿದ್ದಬೇಕೆಂಬುದು ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಲಿ. ಇದರಿಂದ ಪ್ರಾಮಾಣಿಕ ಪ್ರೋಗ್ರಾಮರನಿಗೂ ಅನುಕೂಲವೇ. ಪರಿಶೀಲನೆಗೆ ತಗಲುವ ದಿನಗಳ ಕೂಲಿಯನ್ನು ಅವನು ಸಂಕೋಚವಿಲ್ಲದೆ ಕೇಳಬಹುದು, ಒಂದು ದಿನದ ಕೆಲಸವೆಂದು ಅಗ್ಗದ ಮಾತಾಡುವವನೊಂದಿಗೆ ಸ್ಪರ್ಧಿಸಬೇಕಾಗುವುದಿಲ್ಲ.

ಹಮಾಲನ ಎರಡು ರೂಪಾಯಿ, ರೈತನ ಖಾತೆಯ ಬಾಕಿ, ಸರಕಾರಕ್ಕೆ ಸಲ್ಲುವ ತೆರಿಗೆ ಮೂರೂ ಇಂದು ಪ್ರೋಗ್ರಾಮಿನ ಸಾಲುಗಳಲ್ಲಿ ಅಡಗಿವೆ. ತಪ್ಪಾದ ಪಟ್ಟಿಯನ್ನು ಹಿಡಿದು ರೈತ ಅಂಗಡಿಯ ಮೆಟ್ಟಿಲು ಹತ್ತಿದಾಗ "ಅದು ಯಂತ್ರ ಮಾಡಿದ್ದು" ಎಂಬ ಉತ್ತರವನ್ನು ಅವನು ಒಪ್ಪುವುದಿಲ್ಲ, ತೆರಿಗೆ ಅಧಿಕಾರಿಯೂ ಒಪ್ಪುವುದಿಲ್ಲ. ಪಟ್ಟಿಯ ಮೇಲಿರುವುದು ಅಂಗಡಿಯ ಹೆಸರು.